ಚುಚ್ಚುಹಾಳೆ ಇಲ್ಲದ ಬಿಲ್ಲೆ

ಬಿಲ್ಲೆ ಸುಡುವ ನಮ್ಮ ಆವಿಗೆಯ ಪಕ್ಕದ ಗೋಡೆಯಲ್ಲಿ ಒಂದು ಚೌಕ ಖಾಲಿ ಇತ್ತು. ಅದು ನನ್ನದು. ಆ ಚಳಿಗಾಲವಿಡೀ ಅದರ ಮುಂದೆ ಹಾದು ಹೋಗುವಾಗಲೆಲ್ಲ ನಾನು ಮುಖ ಆಚೆ ತಿರುಗಿಸಿಕೊಂಡೇ ಹೋಗುತ್ತಿದ್ದೆ.

ನಮ್ಮದು ದೊಡ್ಡ ಕಾರ್ಖಾನೆಯೇನಲ್ಲ. ಫ್ರೀಸ್‌ಲ್ಯಾಂಡಿನ ಕಡಲ ಕಡೆಯ ಒಂದು ಊರಿನಲ್ಲಿ, ಕಾಲುವೆಯ ಪಕ್ಕ, ಗೋಡೆಗೆ ಹಚ್ಚುವ ನೀಲಿ ಚಿತ್ರದ ಮಣ್ಣಿನ ಬಿಲ್ಲೆಗಳನ್ನು, ಅಂದರೆ ಟೈಲ್ಸುಗಳನ್ನು, ಮಾಡುವ ಜಾಗ. ಒಡೆಯ ಸಿಬ್ರೆನ್, ಚಿತ್ರ ಬರೆಯುವ ಮೂವರು ಹೆಂಗಸರು, ಯಾರ ಮಾತನ್ನೂ ಕೇಳದ ಒಂದು ಬೆಕ್ಕು, ಇಷ್ಟೇ. ಬರೆಯುವವರಲ್ಲಿ ಎಲ್ಲರಿಗಿಂತ ಹಳಬಳು ನಾನು, ರೈನೌ. ನಮ್ಮಲ್ಲೊಂದು ಪದ್ಧತಿ ಇದೆ. ಯಾರು ಕೆಲಸ ಬಿಟ್ಟು ಮನೆಯಲ್ಲಿ ಕೂರಲು ಹೊರಡುತ್ತಾರೋ ಅವರು ಹೋಗುವ ಮೊದಲು ಒಂದೇ ಒಂದು ಬಿಲ್ಲೆಯನ್ನು ಚುಚ್ಚುಹಾಳೆ ಇಲ್ಲದೆ ಬರೆಯಬೇಕು. ಅದನ್ನು ಆವಿಗೆಯ ಪಕ್ಕದ ಗೋಡೆಗೆ ಕೂರಿಸುತ್ತಾರೆ. ಹೆಸರಿಲ್ಲ, ಸಹಿಯಿಲ್ಲ. ಆದರೂ ಯಾವುದು ಯಾರದ್ದೆಂದು ಎಲ್ಲರಿಗೂ ಗೊತ್ತು. ಒಬ್ಬಳು ತನ್ನ ನಾಯಿಯನ್ನು ಬರೆದಿದ್ದಾಳೆ. ಇನ್ನೊಬ್ಬಳು ಗಂಡನ ಬೆನ್ನನ್ನು ಮಾತ್ರ. ಮತ್ತೊಬ್ಬಳು ಮೋಡ. ನನ್ನ ಸರದಿ ಬರುವ ವಸಂತಕ್ಕಿತ್ತು, ಮತ್ತು ನನ್ನ ತಲೆಯಲ್ಲಿ ನಾಯಿ, ಮೋಡ, ಬೆನ್ನು ಯಾವುದೂ ಇರಲಿಲ್ಲ.

ಚುಚ್ಚುಹಾಳೆ ಇಲ್ಲದೆ ನಮ್ಮ ಕೆಲಸವೇ ಇಲ್ಲ. ಗಟ್ಟಿ ಕಾಗದದಲ್ಲಿ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿರುತ್ತೇವೆ. ಬಿಳಿ ಮೆರುಗು ಬಳಿದು ಒಣಗಿಸಿದ ಬಿಲ್ಲೆಯ ಮೇಲೆ ಆ ಹಾಳೆ ಇಟ್ಟು, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯಿಂದ ಮೆಲ್ಲಗೆ ತಟ್ಟಿದರೆ ಕೆಳಗೆ ಚುಕ್ಕಿಗಳು ಇಳಿಯುತ್ತವೆ. ಚುಕ್ಕಿ ಹಿಡಿದು ಕುಂಚ ಓಡಿಸಬೇಕು. ಒಣಗಿದ ಮೆರುಗು ಹಿಟ್ಟಿನ ಹಾಗೆ ಬಣ್ಣವನ್ನು ಹೀರಿಬಿಡುತ್ತದೆ. ಎಳೆದ ಗೆರೆ ಎಳೆದದ್ದೇ, ಅಳಿಸುವ ಮಾತಿಲ್ಲ. ಆವಿಗೆಯಲ್ಲಿ ಚುಕ್ಕಿಗಳು ಸುಟ್ಟುಹೋಗಿ ಗೆರೆ ಮಾತ್ರ ನೀಲಿಯಾಗಿ ಉಳಿಯುತ್ತದೆ. ಹಾಳೆ ಸವೆದು ಹರಿಯುವಂತಾದರೆ ಅದನ್ನು ಹೊಸ ಕಾಗದದ ಮೇಲಿಟ್ಟು ಮತ್ತೆ ಚುಚ್ಚುತ್ತೇವೆ. ಮುತ್ತಜ್ಜಂದಿರ ಕಾಲದ ಹಡಗು, ಕುರಿ ಕಾಯುವವನು, ಚಕ್ರ ಉರುಳಿಸುವ ಮಕ್ಕಳು ಎಲ್ಲ ಹೀಗೆಯೇ ನಮ್ಮವರೆಗೆ ಬಂದಿವೆ. ನನ್ನ ಪಾಲಿಗೆ ಹೆಚ್ಚಾಗಿ ಬಂದವನು ಸ್ಕೇಟು ಕಟ್ಟಿ ಮಂಜುಗಡ್ಡೆಯ ಮೇಲೆ ಜಾರುವವನು. ತಲೆಗೆ ಟೋಪಿ, ಹೆಗಲ ಮೇಲೆ ಕೋಲು, ಬಿಲ್ಲೆಯ ನಾಲ್ಕು ಮೂಲೆಗೂ ಎತ್ತಿನ ತಲೆಯ ಪುಟ್ಟ ಅಲಂಕಾರ. ಕಣ್ಣು ಕಟ್ಟಿ ಕೂರಿಸಿದರೂ ಅವನನ್ನು ಬರೆದೇನು.

ಹೊಗಳಿಕೆ ಅನ್ನುವುದು ನಮ್ಮ ಜನರ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುವ ವಸ್ತು. ಆವಿಗೆಯಿಂದ ತೆಗೆದ ಬಿಲ್ಲೆಯನ್ನು ಸಿಬ್ರೆನ್ ಬೆಳಕಿಗೆ ಹಿಡಿದು, "ಇದಕ್ಕಿಂತ ಕೆಟ್ಟದಾಗಿರಬಹುದಿತ್ತು" ಅಂದರೆ ಅದೇ ಬಹುಮಾನ. ಅದರ ಮೇಲೆ ಮಾತಿಲ್ಲ. ಆ ಮಾತು ಕೇಳಿದ ದಿನ ನಾನು ಸೈಕಲ್ ತುಳಿಯುತ್ತ ಹಾಡು ಗುನುಗಿಕೊಂಡು ಮನೆಗೆ ಹೋಗಿದ್ದುಂಟು.

ನನ್ನ ಅಕ್ಕ ಬೌಕ್ಯೆ ಎದುರು ಮನೆಯಲ್ಲೇ ಇರುವುದು. ಬೆಳಗಿನ ಕಾಫಿಗೆ ಬರುತ್ತಾಳೆ, ಒಂದು ಬಿಸ್ಕತ್ತು ತಿನ್ನುತ್ತಾಳೆ, ಡಬ್ಬಿಯ ಮುಚ್ಚಳ ತಾನೇ ಹಾಕುತ್ತಾಳೆ. ನಾನು ಎರಡನೆಯದಕ್ಕೆ ಕೈ ಹಾಕಿದರೆ ಹುಬ್ಬು ಹಾರಿಸುತ್ತಾಳೆ. ಹುಡುಗಿಯಾಗಿದ್ದಾಗ ಹೆಪ್ಪುಗಟ್ಟಿದ ಕೆರೆಗಳ ಮೇಲೆ ನಡೆಯುವ ಸ್ಕೇಟಿನ ಓಟದಲ್ಲಿ ಗೆದ್ದವಳು. ಆ ಬೆಳ್ಳಿ ಬಟ್ಟಲು ಇನ್ನೂ ಅವಳ ಕಪಾಟಿನ ಮೇಲಿದೆ. ಅದನ್ನು ಒರೆಸುವುದನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿಲ್ಲ.

"ಏನು ಬರೀತೀಯ ಅಂತ ಗೊತ್ತಾಯ್ತೇನೇ?" ಅಂದಳು ಒಂದು ಬೆಳಿಗ್ಗೆ.

"ಇಲ್ಲ."

"ಒಂದು ಆಲೂಗಡ್ಡೆ ಬರಿ. ಗುಂಡಗೆ ಒಂದು ಗೆರೆ. ಹೆಸರು ಹಾಕೋ ಹಾಗಿಲ್ಲವಲ್ಲ, ಯಾರ ಮಾನಾನೂ ಹೋಗಲ್ಲ."

"ನಿನಗೆ ತಮಾಷೆ."

"ತಮಾಷೆ ಅಲ್ಲ ಕಣೇ. ಇಷ್ಟು ವರ್ಷ ಕುಂಚ ಹಿಡಿದೋಳು ಒಂದು ಬಿಲ್ಲೆಗೆ ಇಷ್ಟು ಒದ್ದಾಡಿದ್ರೆ ನೋಡೋರು ಏನಂದಾರು? ಊರ ಸಭಾಂಗಣದಲ್ಲಿ ಮಂಗಳವಾರ ಮಂಗಳವಾರ ಚಿತ್ರ ಹೇಳಿಕೊಡ್ತಾರಂತೆ. ಹೋಗು. ಮನೇಲಿ ಕೂತು ಮುಖ ಊದಿಸಿಕೊಳ್ಳೋದಕ್ಕಿಂತ ವಾಸಿ."

ಅವಳ ಕಾಟ ತಾಳಲಾರದೆ ಹೋದೆ. ಹೇಳಿಕೊಡುವವಳು ಮಾರ್ಲೂಸ್, ಆಮ್‌ಸ್ಟರ್‌ಡಾಮ್ ಕಡೆಯವಳು. ಅಲ್ಲಿಯವರಿಗೆ ಬಾಯಿ ತೆರೆದರೆ ಹೊಗಳಿಕೆ. ಪಕ್ಕದಲ್ಲಿ ಕೂತ ನಿವೃತ್ತ ಅಂಚೆಯಣ್ಣ ಏನೋ ಒಂದು ಮುದ್ದೆ ಬರೆದ. "ಅದ್ಭುತ!" ಅಂದಳು. ಅದು ಕುದುರೆಯಂತೆ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಎಲ್ಲವೂ ಅದ್ಭುತವಾದರೆ ಯಾವುದನ್ನು ನಂಬುವುದು?

"ಕಣ್ಣು ಮುಚ್ಚಿ, ನಿಮ್ಮೊಳಗೆ ನೋಡಿಕೊಳ್ಳಿ. ಅಲ್ಲಿ ಏನಿದೆಯೋ ಅದನ್ನ ಕೈಗೆ ಬಿಡಿ," ಅಂದಳು.

ಕಣ್ಣು ಮುಚ್ಚಿದೆ. ಒಳಗೆ ನೋಡಿದೆ. ಕತ್ತಲು. ಸಂಜೆಗೆ ಕೋಸು ತರಬೇಕು ಅನ್ನುವುದು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆದರೂ ಕೈ ಸುಮ್ಮನಿರಲಿಲ್ಲ. ಕಣ್ಣು ಬಿಟ್ಟಾಗ ಕಾಗದದ ಮೇಲೆ ಅವನೇ ನಿಂತಿದ್ದ, ಟೋಪಿ, ಕೋಲು, ಸ್ಕೇಟು ಸಮೇತ.

ಮಾರ್ಲೂಸ್ ಅದನ್ನು ಎತ್ತಿಕೊಂಡು ನೋಡಿದಳು. ಅದ್ಭುತ ಅನ್ನಲಿಲ್ಲ.

"ಇವನು ಯಾರನ್ನ ನೋಡ್ತಿದ್ದಾನೆ?" ಎಂದು ಕೇಳಿದಳು.

"ಯಾರನ್ನೂ ಇಲ್ಲಮ್ಮ. ಬಿಲ್ಲೆ ಮೇಲಿರೋನು. ಬಿಲ್ಲೆ ಮೇಲಿರೋರು ಯಾರನ್ನೂ ನೋಡಲ್ಲ."

"ಹಾಗಾದ್ರೆ ಇದು ನೀವು ಬರೆದದ್ದಲ್ಲ, ನಿಮ್ಮ ಕೈ ಬರೆದದ್ದು. ಪರವಾಗಿಲ್ಲ. ಮುಂದಿನ ವಾರ ನೀವು ಬರೀರಿ."

ಮೆತ್ತಗೇ ಹೇಳಿದ್ದಳು, ನಗುತ್ತಲೇ ಹೇಳಿದ್ದಳು. ನನಗೆ ಮಾತ್ರ ಮುಖಕ್ಕೆ ಹೊಡೆದ ಹಾಗಾಯಿತು. ಕೋಟು ಹಾಕಿಕೊಂಡು ಹೊರಗೆ ಬಂದೆ. ಮನೆಗೆ ಬರುವ ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೆ. ಆದರೆ ಅವಳು ಹೇಳಿದ್ದು ನಿಜವೆಂದು ಗೊತ್ತಿದ್ದದ್ದಕ್ಕೇ ಅಷ್ಟು ಸಿಟ್ಟು ಬಂದದ್ದು. ನಾನು ಬರೀ ಒಂದು ಕೈ. ಚುಕ್ಕಿ ಇದ್ದರೆ ಓಡುವ, ಚುಕ್ಕಿ ಇಲ್ಲದಿದ್ದರೆ ನಿಲ್ಲುವ ಕೈ. ಬದುಕಿಡೀ ಬೇರೆಯವರ ಗೆರೆಯ ಮೇಲೆ ನಡೆದು ಕೊನೆಗೆ ಒಂದು ಅಂಗೈಯಗಲದ ಜಾಗ ಸಿಕ್ಕಿದಾಗ ಹೇಳುವುದಕ್ಕೆ ನನ್ನಲ್ಲಿ ಏನೂ ಇಲ್ಲ. ಆ ಮಾತನ್ನು ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಆಲೂಗಡ್ಡೆ ಮತ್ತೆ ಬರುತ್ತಿತ್ತು.

ಸಾಲದ್ದಕ್ಕೆ ಅದೇ ವಾರ ಮೈಂಡರ್ಟ್ ಸಿಬ್ರೆನ್‌ಗೆ ಫೋನು ಮಾಡಿದ. ಊರಾಚೆ ಹಸು ಕಟ್ಟಿಕೊಂಡಿರುವ ರೈತ. ಅವನ ಅಡುಗೆಮನೆಯ ಒಲೆಯ ಹಿಂದೆ ತುಂಬಾ ಹಳೆಯ ಗೋಡೆಯೊಂದಿದೆ, ಅದರ ತುಂಬ ಜಾರುವವರೇ ಇರುವ ಬಿಲ್ಲೆಗಳು. ನಮ್ಮ ಕಾರ್ಖಾನೆಯಲ್ಲೇ ಮಾಡಿದವು. ಕೆಲವು ಒಡೆದುಹೋಗಿದ್ದವು. ಅವುಗಳ ಬದಲಿಗೆ ನಾನು ಬರೆದುಕೊಟ್ಟಿದ್ದೆ.

"ಹೊಂದ್ತಾ ಇಲ್ಲ. ಬಂದು ನೋಡಿ," ಅಂದನಂತೆ.

ಸಿಬ್ರೆನ್ ಮುಖ ಗಂಟಿಕ್ಕಿಕೊಂಡು ವ್ಯಾನು ಓಡಿಸಿದ. ಪಕ್ಕದಲ್ಲಿ ನಾನು ಸೆಟೆದು ಕೂತಿದ್ದೆ. ಬೇರೆ ಏನು ಬೇಕಾದರೂ ಅನ್ನಲಿ, ನನ್ನ ನಕಲು ತಪ್ಪು ಅಂದವರು ಇದುವರೆಗೆ ಯಾರೂ ಇರಲಿಲ್ಲ. ಮೈಂಡರ್ಟನ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ, ಒದ್ದೆ ಕಾಲುಚೀಲ, ಮಲಗಿದ ನಾಯಿ. ಒಲೆಯ ಹಿಂದಿನ ಗೋಡೆಯಲ್ಲಿ ನನ್ನ ಬಿಲ್ಲೆಗಳನ್ನು ಗಾರೆ ಹಾಕದೆ ಸುಮ್ಮನೆ ಆನಿಸಿ ಇಟ್ಟಿದ್ದ.

"ಬಣ್ಣ ಸರಿಯಾಗೇ ಇದೆ," ಅಂದೆ ನಾನು, ಯಾರೂ ಏನೂ ಅನ್ನುವ ಮೊದಲೇ.

"ಬಣ್ಣ ಸರೀನೇ. ಮೂಲೆಯ ಎತ್ತಿನ ತಲೇನೂ ಸರಿ," ಅಂದ ಮೈಂಡರ್ಟ್. "ಮೊಕ ನೋಡಿ. ನಮ್ಮ ಗೋಡೇಲಿರೋರೆಲ್ಲ ಹೊರಟಿದ್ದಾರೆ. ನಿಮ್ಮೋನು ಯಾರನ್ನೋ ಕಾಯ್ತಾ ಇದಾನೆ."

ನೋಡಿದೆ. ಹಳೆಯ ಬಿಲ್ಲೆಗಳಲ್ಲಿ ಜಾರುವವನು ನೆಟ್ಟಗೆ ಮುಂದೆ ನೋಡುತ್ತಿದ್ದ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮಡಚಿ ಸೊಂಟದ ಹಿಂದೆ. ನನ್ನವನು ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದ. ಸೊಂಟದ ಹಿಂದಿನ ಕೈ ಅಲ್ಲಿರಲಿಲ್ಲ. ಅದು ಬೆರಳು ಬಿಡಿಸಿಕೊಂಡು ಹಿಂದಕ್ಕೆ ಚಾಚಿತ್ತು, ಬಾ ಹಿಡಿದುಕೋ ಅನ್ನುವ ಹಾಗೆ.

"ಇದನ್ನ ಯಾರು ತಿರುಗಿಸಿದ್ದು?" ಎಂದ ಸಿಬ್ರೆನ್.

"ನಾನಂತೂ ಅಲ್ಲ! ಚುಕ್ಕಿ ಎಲ್ಲಿದೆಯೋ ಅಲ್ಲೇ ಬರೆದಿದೀನಿ."

"ನಾಯೀನೇ ಬರೆದಿರಬೇಕು ಹಾಗಾದ್ರೆ," ಎಂದ ಮೈಂಡರ್ಟ್. ನಗು ಬರಲಿಲ್ಲ ಯಾರಿಗೂ.

ಕಾರ್ಖಾನೆಗೆ ಬಂದ ಕೂಡಲೇ ಸಿಬ್ರೆನ್ ಮಹಡಿಯಿಂದ ತಗಡಿನ ಪೆಟ್ಟಿಗೆ ಇಳಿಸಿದ. ಅವರಪ್ಪ ಸವೆದ ಚುಚ್ಚುಹಾಳೆಗಳನ್ನೂ ಎಸೆಯುತ್ತಿರಲಿಲ್ಲ, ಇವನಿಗೂ ಅದೇ ಅಭ್ಯಾಸ. ಜಾರುವವನ ಹಾಳೆಗಳನ್ನೆಲ್ಲ ಹುಡುಕಿ ತೆಗೆದು ಕಿಟಕಿಯ ಗಾಜಿಗೆ ಸಾಲಾಗಿ ಅಂಟಿಸಿದ. ಬೆಳಕು ತೂತುಗಳಿಂದ ಒಳಗೆ ಬಂತು. ಅತೀ ಹಳೆಯ ಹಾಳೆಯಲ್ಲಿ ಅವನು ಮುಂದೆ ನೋಡುತ್ತಿದ್ದ. ಅದರ ನಂತರದ್ದು ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಚುಚ್ಚಿದ್ದು. ಅದರಲ್ಲಿ ಗಲ್ಲ ಚೂರು ವಾಲಿತ್ತು. ಆಮೇಲಿನದರಲ್ಲಿ ಮೂಗು ಪಕ್ಕಕ್ಕೆ ಬಂದಿತ್ತು, ಕೈ ಸೊಂಟ ಬಿಟ್ಟಿತ್ತು. ಈಗ ಬಳಸುತ್ತಿರುವುದರಲ್ಲಿ ಪೂರ್ತಿ ತಿರುಗಿಬಿಟ್ಟಿದ್ದ.

ಹೇಗೆ ಆಯಿತೆಂದು ನೋಡಿದ ಕೂಡಲೇ ತಿಳಿಯಿತು. ಹಾಳೆಗಳು ಹೆಚ್ಚು ಹರಿಯುವುದೇ ಮುಖ ಮತ್ತು ಕೈಯ ಹತ್ತಿರ, ಯಾಕೆಂದರೆ ಅಲ್ಲಿ ತೂತುಗಳು ಒತ್ತಾಗಿರುತ್ತವೆ. ಹರಿದು ಹೋದ ಕಡೆ ಮತ್ತೆ ಚುಚ್ಚುವಾಗ ಅಂದಾಜು ಮಾಡಿಕೊಳ್ಳಬೇಕು. ಆ ಅಂದಾಜಿನಲ್ಲಿ, ಪ್ರತಿ ಸಲವೂ, ಒಂದು ಕೂದಲೆಳೆಯಷ್ಟು, ನಾನು ಅವನ ಕತ್ತನ್ನು ಹಿಂದಕ್ಕೆ ತಿರುಗಿಸುತ್ತಲೇ ಬಂದಿದ್ದೆ.

ಸಿಬ್ರೆನ್ ಬೈಯುತ್ತಾನೆ ಎಂದುಕೊಂಡೆ. ಅವನು ಹಾಳೆಯಿಂದ ಹಾಳೆಗೆ ಆ ಕತ್ತಿನ ಮೇಲೆ ಬೆರಳಾಡಿಸುತ್ತ ಬಂದ. ಬೆಕ್ಕು ಅವನ ಕಾಲು ಸುತ್ತಿತು.

"ಅವಸರವೇ ಇಲ್ಲ ನಿನಗೆ, ಅಲ್ವಾ ರೈನೌ?" ಎಂದ ಕೊನೆಗೆ. "ಒಂದು ಕತ್ತು ತಿರುಗಿಸೋಕೆ ಒಂದು ಜೀವಮಾನ ತಗೊಂಡೆಯಲ್ಲ. ಮೈಂಡರ್ಟ್‌ಗೆ ಹಳೇ ಹಾಳೆ ಇಟ್ಟು ಮತ್ತೆ ಬರೆದುಕೊಡು."

ಬರೆದುಕೊಡುವುದೇನು ಸುಲಭವಾಗಿರಲಿಲ್ಲ. ಹಳೆಯ ಹಾಳೆಯ ಚುಕ್ಕಿಗಳ ಮೇಲೆ ಕುಂಚ ಇಟ್ಟೆ. ಟೋಪಿ ಬಂತು, ಕೋಲು ಬಂತು. ಮುಖದ ಹತ್ತಿರ ಕೈ ಮೊಂಡು ಬಿದ್ದಿತು. ಹಿಂದಕ್ಕೆ ಎಳೆಯುತ್ತಿತ್ತು, ಮನೆಯ ದಾರಿ ಕಂಡ ದನದ ಹಾಗೆ. ಒಂದು ಕೆಟ್ಟಿತು. ಇನ್ನೊಂದೂ ಕೆಟ್ಟಿತು. ಕುಂಚ ಕೆಳಗಿಟ್ಟು, ಯಾರೂ ಕೇಳದ ಹಾಗೆ ಅವನನ್ನೇ ಕೇಳಿದೆ: "ಅಯ್ಯೋ ಪುಣ್ಯಾತ್ಮ, ಯಾರನ್ನಯ್ಯಾ ನೋಡ್ತಾ ಇದೀಯ?"

ಕೇಳಿದ ಮೇಲೆಯೇ ನೆನಪಾದದ್ದು, ಇದೇ ಪ್ರಶ್ನೆಯನ್ನು ಮಾರ್ಲೂಸ್ ಕೇಳಿದ್ದಳು ಎಂದು. ಉತ್ತರವೂ ಅದರ ಹಿಂದೆಯೇ ಬಂತು. ನನ್ನನ್ನು.

ಚಿಕ್ಕವಳಿದ್ದಾಗಿನ ಒಂದು ಚಳಿಗಾಲ. ಅಮ್ಮ ನಮ್ಮಿಬ್ಬರಿಗೂ ಸ್ಕೇಟು ಕಟ್ಟಿ ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಪಕ್ಕದೂರಿನ ಅತ್ತೆಯ ಮನೆಗೆ ಕಳಿಸಿದ್ದಳು. "ತಂಗೀನ ಬಿಟ್ಟು ಹೋಗಬೇಡ" ಎಂದು ಬೌಕ್ಯೆಗೆ ಹೇಳಿದ್ದಳು. ಬೌಕ್ಯೆ ಆ ವರ್ಷ ಓಟಕ್ಕೆ ಸಿದ್ಧವಾಗುತ್ತಿದ್ದಳು. ಊರಿನ ಸೇತುವೆ ದಾಟಿದ್ದೇ ತಡ, ಬೆನ್ನು ಬಗ್ಗಿಸಿ ಹೊರಟುಬಿಟ್ಟಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಉದ್ದುದ್ದ ಹೆಜ್ಜೆ. ನಾನು ಬಿದ್ದೆ. ಎದ್ದೆ. ಮತ್ತೆ ಬಿದ್ದೆ. ಗಾಳಿ ಎದುರಿನಿಂದ ಬೀಸುತ್ತಿತ್ತು. ಅಕ್ಕನ ಕೆಂಪು ಮಫ್ಲರು ಚಿಕ್ಕದಾಗುತ್ತ ಹೋಗಿ ತಿರುವಿನಲ್ಲಿ ಇಲ್ಲವಾಯಿತು. ಗಂಟಲು ಹರಿಯುವ ಹಾಗೆ ಕೂಗಿದ್ದೆ. ಕೊನೆಗೆ ಸ್ಕೇಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ದಡದ ಜೊಂಡಿನ ಪಕ್ಕ ಅಳುತ್ತ ನಡೆದು ಹೋದೆ. ಅತ್ತೆಯ ಮನೆಯಲ್ಲಿ ಬೌಕ್ಯೆ ಒಲೆಯ ಮುಂದೆ ಕೂತು ಸೋಂಪು ಹಾಕಿದ ಬಿಸಿ ಹಾಲು ಕುಡಿಯುತ್ತಿದ್ದಳು. "ಎಲ್ಲಿ ಸತ್ತಿದ್ದೆ?" ಎಂದಳು. ಆ ವಿಷಯ ಅಷ್ಟಕ್ಕೇ ಮುಗಿಯಿತು. ಆ ಮೇಲೆ ಅವಳು ಓಟ ಗೆದ್ದಳು, ಬ್ಯಾಂಡು ಬಾರಿಸಿದರು, ಬಟ್ಟಲು ಬಂತು, ನಾನೂ ಚಪ್ಪಾಳೆ ತಟ್ಟಿದೆ.

ಮರೆತಿದ್ದೆ ಎಂದುಕೊಂಡಿದ್ದೆ. ಎಲ್ಲಿ ಮರೆತದ್ದು? ಅಕ್ಕ ಹಿಂದೆ ನೋಡಲಿಲ್ಲ ಅಂತ, ಮುತ್ತಜ್ಜಂದಿರ ಕಾಲದ ಒಬ್ಬ ಪಾಪದ ಜಾರುವವನ ಕತ್ತು ಹಿಡಿದು ತಿರುಗಿಸಿ, ಅವನ ಕೈ ಚಾಚಿಸಿ, ಊರೂರಿನ ಗೋಡೆಗಳಿಗೆ ಕಳಿಸಿದ್ದೆ. ನನ್ನೊಳಗೆ ಏನೂ ಇಲ್ಲ ಎಂದು ಹೆದರಿಕೊಂಡಿದ್ದವಳು ನಾನೇ. ಕುರ್ಚಿಯಲ್ಲಿ ಕೂತಲ್ಲೇ ಅತ್ತುಬಿಟ್ಟೆ, ನಡುವೆ ನಕ್ಕೆ. ಪಕ್ಕದ ಮೇಜಿನ ಹುಡುಗಿ ಹೆದರಿ ನೀರು ತಂದುಕೊಟ್ಟಳು.

ಮೈಂಡರ್ಟನ ಬಿಲ್ಲೆಗಳನ್ನು ಮೊದಲು ಮುಗಿಸಿದೆ. ಎಲ್ಲರೂ ನೆಟ್ಟಗೆ ಮುಂದೆ ನೋಡುವ ಹಾಗೆ, ಹಲ್ಲು ಕಚ್ಚಿ ಬರೆದೆ. ಆಮೇಲೆ ಒಂದು ಖಾಲಿ ಬಿಲ್ಲೆ ಎತ್ತಿಕೊಂಡೆ. ಚುಕ್ಕಿಯಿಲ್ಲದ ಬಿಳಿ. ಮಂಜುಗಡ್ಡೆಯ ಹಾಗೇ ಇತ್ತು ಅದು, ಎಲ್ಲಿ ಕಾಲಿಟ್ಟರೆ ಎಲ್ಲಿ ಬಿರಿಯುತ್ತದೋ ಗೊತ್ತಿಲ್ಲ. ಆದರೂ ಕುಂಚ ಅದ್ದಿಕೊಂಡೆ. ಬಿದ್ದರೆ ಬೀಳಲಿ ಎಂದುಕೊಂಡೆ, ಆ ದಿನವೂ ಬಿದ್ದಿದ್ದೆನಲ್ಲ.

ಜಾರುವವನನ್ನು ಬರೆಯಲಿಲ್ಲ. ಅವನನ್ನು ಸಾಕಷ್ಟು ಬರೆದಾಗಿತ್ತು. ಅವನು ತಿರುಗಿ ಯಾರನ್ನು ನೋಡುತ್ತಿದ್ದನೋ ಅವಳನ್ನು ಬರೆದೆ. ಕೆಳಗಿನ ಮೂಲೆಯಲ್ಲಿ, ಎತ್ತಿನ ತಲೆ ಇರಬೇಕಾದ ಜಾಗದಲ್ಲಿ, ಉಗುರಿನಷ್ಟೇ ಗಾತ್ರದ ಒಬ್ಬ ಹುಡುಗಿ. ಮೊಣಕಾಲೂರಿ ಎದ್ದೇಳುತ್ತಿದ್ದಾಳೆ, ಒಂದು ಸ್ಕೇಟು ಬಿಚ್ಚಿಕೊಂಡಿದೆ. ಬಾಯಿ ತೆರೆದಿದೆ. ಉಳಿದ ಬಿಲ್ಲೆಯೆಲ್ಲ ಬರೀ ಬಿಳಿ, ಅದರ ಮೇಲೆ ಮುಂದೆ ಹೋದವರ ಸ್ಕೇಟಿನ ಎರಡು ತೆಳುವಾದ ಗೆರೆ. ಅಷ್ಟೇ. ಒಂದು ಗೆರೆ ಸೊಟ್ಟಗಾಯಿತು. ಹಾಗೇ ಬಿಟ್ಟೆ.

ಬಿಲ್ಲೆ ಕೂರಿಸುವ ದಿನ ಸಿಬ್ರೆನ್ ಗುಲಾಬಿ ಸಕ್ಕರೆ ಮೆತ್ತಿದ ಕೇಕು ತಂದಿದ್ದ. ಮಾರ್ಲೂಸಳನ್ನು ನಾನೇ ಕರೆದಿದ್ದೆ. ಅವಳು ಬಿಲ್ಲೆಯ ಮುಂದೆ ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಮುಚ್ಚಿಕೊಂಡಳು. ನಮ್ಮ ಊರಿನ ಗಾಳಿ ಅವಳಿಗೂ ಸ್ವಲ್ಪ ತಗುಲಿತ್ತು. ಸಿಬ್ರೆನ್ ಗಾರೆ ಹಚ್ಚಿ, ಬಿಲ್ಲೆ ಒತ್ತಿ, ಅಂಚು ಒರೆಸಿ, ಹಿಂದೆ ಸರಿದು ನೋಡಿದ.

"ಇದಕ್ಕಿಂತ ಕೆಟ್ಟದಾಗಿರಬಹುದಿತ್ತು," ಎಂದ. ಆಮೇಲೆ, "ತುಂಬಾನೇ," ಎಂದು ಸೇರಿಸಿದ. ಆ ಎರಡನೆಯ ಮಾತನ್ನು ನಮ್ಮ ಕಾರ್ಖಾನೆಯಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ.

ಬೌಕ್ಯೆ ತಡವಾಗಿ ಬಂದಳು. "ಎಲ್ಲಿ ನಿನ್ನ ಆಲೂಗಡ್ಡೆ?" ಎನ್ನುತ್ತಲೇ ಒಳಗೆ ಬಂದು, ಕೇಕಿನ ದೊಡ್ಡ ತುಂಡಿಗೆ ಕೈ ಹಾಕಿದ್ದವರನ್ನು ಹುಬ್ಬು ಹಾರಿಸಿ ನೋಡಿ, ಕನ್ನಡಕ ಹಾಕಿಕೊಂಡು ಗೋಡೆಯ ಮುಂದೆ ಬಗ್ಗಿದಳು. ಬಗ್ಗಿದವಳು ಹಾಗೇ ಇದ್ದಳು. ನಾನು ಪಕ್ಕಕ್ಕೆ ಹೋಗಿ ನಿಂತೆ. ನನಗೆ ಸಿಬ್ರೆನ್ನನ ಮಾತು ಬೇಕಿತ್ತು, ನಿಜ, ಸಿಕ್ಕಿತ್ತು. ಆದರೆ ಈ ಬಿಲ್ಲೆಯನ್ನು ಬರೆದದ್ದು ಈ ಒಂದು ಜೊತೆ ಕಣ್ಣಿಗೆ. ಅವಳು ಇದನ್ನೂ ತಮಾಷೆ ಮಾಡಿ ಬಿಟ್ಟುಬಿಟ್ಟರೆ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

"ಇಷ್ಟು ಹಿಂದೆ ಇದ್ದೆಯೇನೇ?" ಎಂದಳು, ಬೆರಳಿನಿಂದ ಆ ಎರಡು ಗೆರೆಗಳ ಜಾಡು ಹಿಡಿದು.

"ಹೂಂ."

"ಇವಳು ಏನು ಮಾಡ್ತಿದಾಳೆ, ಆಕಳಿಸ್ತಾ ಇದಾಳಾ?"

"ಕೂಗ್ತಾ ಇದಾಳೆ."

ಬೌಕ್ಯೆ ಕನ್ನಡಕ ತೆಗೆದಳು. ಕೋಟಿನ ತುದಿಯಿಂದ ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ.

"ಗಾಳಿ ಎದುರಿತ್ತು. ನಿನಗೆ ಕೇಳಿಸಿರಲ್ಲ," ಎಂದೆ ನಾನು. ಅವಳ ಮುಖ ನೋಡಲಾರದೆ ನಾನೇ ಅವಳಿಗೊಂದು ದಾರಿ ಮಾಡಿಕೊಟ್ಟೆ.

"ಗಾಳಿ ಮೇಲೆ ಹಾಕಬೇಡ," ಎಂದಳು. ಕನ್ನಡಕವನ್ನು ಜೇಬಿಗೆ ಹಾಕಿದಳು. "ಕೇಳಿಸಿತ್ತು ಕಣೇ."

ಅಷ್ಟೇ ಹೇಳಿದ್ದು. ಯಾರೋ ಕಾಫಿ ತಂದರು. ಅವಳು ಕೇಕು ಮುಟ್ಟಲಿಲ್ಲ. ನನ್ನ ತಟ್ಟೆಗೆ ಎರಡನೆಯ ತುಂಡು ಹಾಕಿದಳು, ಹುಬ್ಬು ಹಾರಿಸದೆ. ನಾನು ತಿಂದೆ. ಅದು ಸಿಹಿಯೋ ಉಪ್ಪೋ ಗೊತ್ತಾಗಲಿಲ್ಲ.

ಸಂಜೆ ಇಬ್ಬರೂ ಸೈಕಲ್ ಹತ್ತಿ ಹೊರಟೆವು. ಕಡಲ ಗಾಳಿ ಮುಖಕ್ಕೇ ಬೀಸುತ್ತಿತ್ತು. ಮಂಡಿ ನೋವಿದ್ದರೂ ಬೌಕ್ಯೆ ಎಂದಿನ ಹಾಗೆ ಬೆನ್ನು ಬಗ್ಗಿಸಿ ಮುಂದೆ ಹೋದಳು. ಹುಟ್ಟುಗುಣ, ಏನು ಮಾಡುವುದು. ಸೇತುವೆಯ ಹತ್ತಿರ ನಾನು ಹಿಂದುಳಿದೆ. ಕೂಗಲಿಲ್ಲ. ಸೇತುವೆಯ ಆಚೆ ಅವಳು ಬ್ರೇಕು ಹಾಕಿ, ಒಂದು ಕಾಲು ನೆಲಕ್ಕೂರಿ ನಿಂತಳು. ತಿರುಗಿ ನೋಡಲಿಲ್ಲ, ಅಷ್ಟೊಂದನ್ನು ಅವಳಿಂದ ನಿರೀಕ್ಷಿಸುವಂತಿಲ್ಲ. ಬೆನ್ನು ನನ್ನ ಕಡೆಗಿಟ್ಟುಕೊಂಡೇ, ನಾನು ಬರುವವರೆಗೂ ನಿಂತಿದ್ದಳು.